ಹಬ್ಬದ ದೀಪಾಲಂಕಾರಕ್ಕೆ ಮನೆಯಲ್ಲೇ ತಯಾರಿಸುವ ನಿಯಂತ್ರಣ ಬೋರ್ಡು: ವಿನ್ಯಾಸವನ್ನು ಎಲ್ಲಿಂದ ಆರಂಭಿಸಬೇಕು?

ಮಿಣುಕುಹುಳ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಳೆದ ಎರಡು ವರ್ಷಗಳಿಂದ ಹಬ್ಬದ ದಿನಗಳಲ್ಲಿ ಮನೆಯ ಮುಂಭಾಗದ ದೀಪಗಳನ್ನು ಎಂಟು ರಿಲೇಗಳಿರುವ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳು) ಒಂದು ಸಿದ್ಧ ಬೋರ್ಡಿನಿಂದ ನಡೆಸುತ್ತ ಬಂದಿದ್ದೇನೆ. ಎಂಟು ಸೀರಿಯಲ್ ಸೆಟ್ಟುಗಳು ಸಂಗೀತದ ತಾಳಕ್ಕೆ ಹೊತ್ತಿಕೊಳ್ಳುತ್ತವೆ, ಆರುತ್ತವೆ. ಅದಕ್ಕಿಂತ ಹೆಚ್ಚಿನದು ಅದರಿಂದ ಸಾಧ್ಯವಿಲ್ಲ. ದೀಪ ಮೆಲ್ಲನೆ ಅರಳಿ ಮೆಲ್ಲನೆ ಮಂಕಾಗುವುದಾಗಲಿ, ಒಂದು ಬಣ್ಣ ಇನ್ನೊಂದಕ್ಕೆ ಜಾರುವುದಾಗಲಿ ರಿಲೇಯ ಕೈಗೆ ಎಟುಕದ ಕೆಲಸ. ತಾಳ ಚುರುಕಾದಾಗ ಅದರ ಟಕಟಕ ಸದ್ದು ಸಂಗೀತಕ್ಕಿಂತ ಮೇಲೆ ಕೇಳಿಸುತ್ತದೆ. ಎರಡನೇ ವರ್ಷದ ಕೊನೆಯಲ್ಲಿ ಒಂದು ರಿಲೇಯ ಸಂಪರ್ಕಬಿಂದುಗಳು ಅಂಟಿಕೊಂಡವು. ಆ ಸೆಟ್ಟು ಆರಲೇ ಇಲ್ಲ.

ಈ ಬಾರಿ ಸ್ವಂತ ಬೋರ್ಡನ್ನೇ ವಿನ್ಯಾಸ ಮಾಡಬೇಕೆಂಬ ಆಸೆ ಇದೆ. ಒಂದೊಂದು ದೀಪದ ಬಣ್ಣವನ್ನೂ ಬೇರೆ ಬೇರೆಯಾಗಿ ನಿಯಂತ್ರಿಸಬಹುದಾದ ಡಬ್ಲ್ಯುಎಸ್ 2811 ಚಿಪ್ಪಿನ 5 ವೋಲ್ಟ್ ಪಿಕ್ಸೆಲ್ ಸರಗಳನ್ನು ಬಳಸುವ ಯೋಚನೆ. ಸೂರಿನ ಅಂಚಿಗೆ 300, ನಾಲ್ಕು ಕಿಟಕಿಗಳಿಗೆ ತಲಾ 50, ಅಂಗಳದ ಒಂದು ಮರಕ್ಕೆ 100, ಒಟ್ಟು 600 ಪಿಕ್ಸೆಲ್‌ಗಳು. ಇವುಗಳ ಜೊತೆಗೆ ಗೋಡೆಯ ಸಾಕೆಟ್ಟಿನ ವಿದ್ಯುತ್ತಿನಲ್ಲಿ ನೇರವಾಗಿ ಉರಿಯುವ ಹಳೆಯ ಎಂಟು ಸೆಟ್ಟುಗಳನ್ನೂ ಉಳಿಸಿಕೊಂಡು, ಅವುಗಳ ಪ್ರಕಾಶವನ್ನು ಹೆಚ್ಚು ಕಡಿಮೆ ಮಾಡುವಂತಾಗಬೇಕು ಎಂದುಕೊಂಡಿದ್ದೇನೆ.

ಬೆಸುಗೆ ಹಾಕುವುದು ಚೆನ್ನಾಗಿ ಅಭ್ಯಾಸವಿದೆ, ಆರ್ಡುಯಿನೊ ಊನೊ ಬೋರ್ಡಿಗೆ ಪ್ರೋಗ್ರಾಂ ಬರೆಯಬಲ್ಲೆ, ಆದರೆ ಮುದ್ರಿತ ಸರ್ಕಿಟ್ ಬೋರ್ಡನ್ನು ಇದುವರೆಗೆ ಸ್ವತಃ ರೂಪಿಸಿಲ್ಲ. ಮೇಜಿನ ಮೇಲೆ ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ನಡೆಸುವ ಪುಟ್ಟ ಚಿಪ್ಪು) ಇಟ್ಟು 50 ಪಿಕ್ಸೆಲ್‌ಗಳ ಒಂದು ಸರವನ್ನು ಜೋಡಿಸಿ ನೋಡಿದೆ. ಅರ್ಧ ಗಂಟೆ ಸರಿಯಾಗಿ ನಡೆದು, ಆಮೇಲೆ ಮೊದಲ ಪಿಕ್ಸೆಲ್ ಮನಬಂದಂತೆ ಹಸಿರಾಗಿ ಮಿನುಗತೊಡಗಿತು. ಅದರ ನಂತರದವೂ ಹಾಗೆಯೇ ಮಾಡಿದವು. ನನ್ನ ಪ್ರಶ್ನೆಗಳು ಇವು. ಯಾವ ಮೈಕ್ರೋಕಂಟ್ರೋಲರ್ ಆರಿಸಿಕೊಳ್ಳಬೇಕು? ಹಳೆಯ ಸೆಟ್ಟುಗಳಿಗೆ ಟ್ರಯಾಕ್ (ಪರ್ಯಾಯ ವಿದ್ಯುತ್ತಿನ ಎಲೆಕ್ಟ್ರಾನಿಕ್ ಸ್ವಿಚ್ಚು) ಬಳಸುವ ಭಾಗವನ್ನು ಅದೇ ಬೋರ್ಡಿನಲ್ಲಿ ಸೇರಿಸಬಹುದೇ? ಈ ಮಿನುಗುವಿಕೆಗೆ ಕಾರಣವೇನು?

ತಾಮ್ರತಂತಿ (ಉತ್ತರ):

ನಿಮ್ಮ ಪ್ರಶ್ನೆಗಳ ಕ್ರಮವನ್ನು ತಿರುಗಿಸಿ ಉತ್ತರಿಸಲು ಅನುಮತಿ ಕೊಡಿ. ಮೊದಲ ಬೋರ್ಡನ್ನು ರೂಪಿಸುವ ಬಹುತೇಕರು ಮೈಕ್ರೋಕಂಟ್ರೋಲರನ್ನು ಆರಿಸಿ, ಅದರ ಸುತ್ತ ಉಳಿದದ್ದನ್ನು ಹೊಂದಿಸಲು ಹೊರಡುತ್ತಾರೆ. ನನ್ನ ಮೊದಲ ಬೋರ್ಡನ್ನು ನಾನೂ ಹಾಗೆಯೇ ಮಾಡಿದೆ, ಮತ್ತು ಅದರ ತಿರುಪು ಜೋಡಣೆಯ ಪ್ಲಾಸ್ಟಿಕ್ ಎರಡನೇ ಸಂಜೆಯೇ ಕರಗಿತು. ದೀಪಾಲಂಕಾರದ ಬೋರ್ಡು ಎಂಬುದು ಮೊದಲಿಗೆ ವಿದ್ಯುತ್ತನ್ನು ಸುರಕ್ಷಿತವಾಗಿ ಹಂಚುವ ಸಾಧನ. ಲೆಕ್ಕ ಮಾಡುವ ಚಿಪ್ಪು ಅದರ ಒಂದು ಮೂಲೆಯಲ್ಲಿ ಕುಳಿತಿರುವ ಅತಿಥಿ ಮಾತ್ರ.

ಆದ್ದರಿಂದ ಪ್ರವಾಹದ ಲೆಕ್ಕದಿಂದ ಆರಂಭಿಸೋಣ. ಪೂರ್ಣ ಪ್ರಕಾಶದ ಬಿಳಿ ಬಣ್ಣದಲ್ಲಿ ಒಂದು ಪಿಕ್ಸೆಲ್ ಮೂರು ಬಣ್ಣಗಳಿಗೆ ತಲಾ ಸುಮಾರು 20 ಮಿಲಿಆಂಪಿಯರ್‌ನಂತೆ 60 ಮಿಲಿಆಂಪಿಯರ್ ಎಳೆಯುತ್ತದೆ ಎಂದು ಹಿಡಿಯಬೇಕು. 600 ಪಿಕ್ಸೆಲ್‌ಗಳಿಗೆ ಅದು 36 ಆಂಪಿಯರ್, ಅಂದರೆ 5 ವೋಲ್ಟಿನಲ್ಲಿ 180 ವಾಟ್. ವಾಸ್ತವದಲ್ಲಿ ಶೇಕಡಾ 30ರಷ್ಟು ಪ್ರಕಾಶವೇ ರಾತ್ರಿಯಲ್ಲಿ ಕಣ್ಣಿಗೆ ಸಾಕೆನಿಸುತ್ತದೆ, ಮತ್ತು ಡಬ್ಲ್ಯುಎಲ್‌ಇಡಿಯಂತಹ ತಂತ್ರಾಂಶದಲ್ಲಿ ಒಟ್ಟು ಪ್ರವಾಹಕ್ಕೆ ಮಿತಿ ಹಾಕುವ ಸೌಲಭ್ಯವೂ ಇದೆ. ಆದರೂ ತಂತಿ ಮತ್ತು ಫ್ಯೂಸುಗಳನ್ನು ಆರಿಸುವಾಗ ತಂತ್ರಾಂಶವನ್ನು ನಂಬಬಾರದು. ದತ್ತಾಂಶದ ಒಂದು ದೋಷದಿಂದ ಎಲ್ಲ ಪಿಕ್ಸೆಲ್‌ಗಳೂ ಒಮ್ಮೆಲೇ ಬಿಳಿಯಾಗಿ ಉರಿಯುವ ಗಳಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ತಂತಿ ಅದನ್ನು ತಾಳಿಕೊಳ್ಳಬೇಕು.

ಇನ್ನು ತಂತಿಯ ಪ್ರಶ್ನೆ. 0.75 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0245 ಓಮ್ ಪ್ರತಿರೋಧವಿರುತ್ತದೆ. ಬೋರ್ಡಿನಿಂದ 5 ಮೀಟರ್ ದೂರದ ಕಿಟಕಿಗೆ ಹೋಗಿ ಹಿಂತಿರುಗುವ ದಾರಿ 10 ಮೀಟರ್, ಅಂದರೆ 0.245 ಓಮ್. ಆ ಕಿಟಕಿಯ 50 ಪಿಕ್ಸೆಲ್‌ಗಳು 3 ಆಂಪಿಯರ್ ಎಳೆದರೆ ದಾರಿಯಲ್ಲೇ 0.73 ವೋಲ್ಟ್ ಕಳೆದುಹೋಗಿ, ಸರದ ಬಾಯಿಗೆ ತಲುಪುವುದು 4.27 ವೋಲ್ಟ್ ಮಾತ್ರ. ಸರದ ತುದಿಗೆ ಹೋಗುವಷ್ಟರಲ್ಲಿ ಅದು ಇನ್ನೂ ಇಳಿದಿರುತ್ತದೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ಹಸಿರು ಮತ್ತು ನೀಲಿಗೆ ಸುಮಾರು 3 ವೋಲ್ಟ್ ಬೇಕು. ಹಾಗಾಗಿ ವೋಲ್ಟೇಜು ಕುಸಿದಾಗ ಮೊದಲು ನೀಲಿ ಸೊರಗಿ, ಬಿಳಿಯಾಗಿರಬೇಕಾದ ಸರದ ತುದಿ ಹಳದಿಗೂ ಕೆಂಪಿಗೂ ತಿರುಗುತ್ತದೆ. ಆ ಕಡೆಗೆ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಅರ್ಧಕ್ಕೆ ಇಳಿಯುತ್ತದೆ. ಪ್ರತಿ 50 ಪಿಕ್ಸೆಲ್‌ಗೊಮ್ಮೆ ಹೊಸದಾಗಿ ವಿದ್ಯುತ್ ಊಡುವ ತಂತಿಯನ್ನು ಒಯ್ಯುವುದು ಸೂರಿನ ಅಂಚಿನಂತಹ ಉದ್ದನೆಯ ಸಾಲಿಗೆ ಅನಿವಾರ್ಯ.

ಈ 50 ಎಂಬ ಗುಂಪನ್ನೇ ಬೋರ್ಡಿನ ವಿನ್ಯಾಸಕ್ಕೂ ಅಳತೆಗೋಲು ಮಾಡಿಕೊಳ್ಳಿ. 600 ಪಿಕ್ಸೆಲ್ ಎಂದರೆ 12 ಗುಂಪುಗಳು. ಪ್ರತಿ ಗುಂಪಿಗೂ 5 ಆಂಪಿಯರಿನ ಒಂದು ಫ್ಯೂಸ್, ವಾಹನಗಳಲ್ಲಿ ಬಳಸುವ ಎರಡು ಕಾಲಿನ ಚಪ್ಪಟೆ ಮಾದರಿಯದು. 40 ಆಂಪಿಯರ್ ಕೊಡಬಲ್ಲ ವಿದ್ಯುತ್ ಪೂರೈಕೆಯ ಪೆಟ್ಟಿಗೆಗೆ ತೆಳುವಾದ ಸರದ ತಂತಿಯಲ್ಲಿ ಆದ ಶಾರ್ಟ್ ಸರ್ಕಿಟ್ಟು ಒಂದು ದೊಡ್ಡ ದೀಪದಂತೆ ಕಾಣುತ್ತದೆಯೇ ಹೊರತು ಅಪಾಯವಾಗಿ ಕಾಣುವುದಿಲ್ಲ. ಅದು ನಿಲ್ಲದೆ ಪ್ರವಾಹ ಹರಿಸುತ್ತಲೇ ಇರುತ್ತದೆ, ತಂತಿಯ ಹೊದಿಕೆ ಕರಗುತ್ತದೆ. ಫ್ಯೂಸ್ ಇರುವುದು ಪಿಕ್ಸೆಲ್ಲನ್ನು ಉಳಿಸಲಿಕ್ಕಲ್ಲ, ತಂತಿಯನ್ನು ಮತ್ತು ಅದರ ಪಕ್ಕದಲ್ಲಿರುವ ಮರದ ಚೌಕಟ್ಟನ್ನು ಉಳಿಸಲಿಕ್ಕೆ. ಪ್ರತಿ ಫ್ಯೂಸಿನ ನಂತರ ಒಂದು ಸಣ್ಣ ಎಲ್‌ಇಡಿಯನ್ನೂ ರೆಸಿಸ್ಟರನ್ನೂ ಹಾಕಿದರೆ ಯಾವುದು ಹೋಗಿದೆ ಎಂದು ಕತ್ತಲಲ್ಲಿ ನಿಂತು ಮೀಟರಿನಿಂದ ಹುಡುಕುವ ಕೆಲಸ ತಪ್ಪುತ್ತದೆ.

ಈ ಪ್ರವಾಹವನ್ನೆಲ್ಲ ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಹರಿಸುವ ಆಸೆ ಬೇಡ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರೋಮೀಟರ್. ಅದರ ಮೇಲೆ 10 ಆಂಪಿಯರನ್ನು ಸುಮಾರು 10 ಡಿಗ್ರಿಯಷ್ಟೇ ಬಿಸಿಯೇರುವಂತೆ ಒಯ್ಯಬೇಕಾದರೆ ಗೆರೆ ಸುಮಾರು 7 ಮಿಲಿಮೀಟರ್ ಅಗಲವಿರಬೇಕು. ಎರಡು 5 ವೋಲ್ಟ್, 20 ಆಂಪಿಯರ್ ಪೂರೈಕೆಗಳನ್ನು ತೆಗೆದುಕೊಂಡು, ಒಂದೊಂದಕ್ಕೂ ಆರು ಗುಂಪುಗಳನ್ನು ಹಂಚಿ, ಫ್ಯೂಸುಗಳನ್ನು ಪ್ರತ್ಯೇಕ ಪಟ್ಟಿಯ ಮೇಲೆ ದಪ್ಪ ತಂತಿಯಿಂದ ಜೋಡಿಸುವುದು ಸರಳ. ಎರಡೂ ಪೂರೈಕೆಗಳ ಋಣ ತುದಿಗಳನ್ನು ಒಂದಕ್ಕೊಂದು ಸೇರಿಸಲೇಬೇಕು, ಇಲ್ಲವಾದರೆ ದತ್ತಾಂಶದ ಸಂಕೇತಕ್ಕೆ ಹಿಂತಿರುಗುವ ದಾರಿಯೇ ಇರುವುದಿಲ್ಲ. ಧನ ತುದಿಗಳನ್ನು ಮಾತ್ರ ಎಂದಿಗೂ ಸೇರಿಸಬಾರದು.

ನಿಮ್ಮ ಮೊದಲ ಪಿಕ್ಸೆಲ್ಲಿನ ಮಿನುಗುವಿಕೆಗೆ ಬಹುಮಟ್ಟಿಗೆ ಕಾರಣ ಸಂಕೇತದ ಎತ್ತರ. ಈ ಕುಟುಂಬದ ಚಿಪ್ಪುಗಳು ತಮ್ಮ ಪೂರೈಕೆಯ 0.7 ಪಾಲಿಗಿಂತ ಮೇಲಿರುವುದನ್ನು ಮಾತ್ರ ಖಚಿತವಾಗಿ ‘ಒಂದು’ ಎಂದು ಓದುತ್ತವೆ. 5 ವೋಲ್ಟಿಗೆ ಅದು 3.5 ವೋಲ್ಟ್. ಇಎಸ್‌ಪಿ32 ಕೊಡುವುದು 3.3. ಮೇಜಿನ ಮೇಲೆ ಗಿಡ್ಡ ತಂತಿಯಲ್ಲಿ ಅದು ಹೇಗೋ ನಡೆದುಹೋಗುತ್ತದೆ, ಬಿಸಿ ಏರಿದಾಗ ಅಥವಾ ತಂತಿ ಉದ್ದವಾದಾಗ ಕೈಕೊಡುತ್ತದೆ. 5 ವೋಲ್ಟಿನಲ್ಲಿ ನಡೆಯುವ 74ಎಎಚ್‌ಸಿಟಿ125 ಎಂಬ ಚಿಪ್ಪು 2 ವೋಲ್ಟಿಗಿಂತ ಮೇಲಿನದನ್ನೆಲ್ಲ ‘ಒಂದು’ ಎಂದು ಸ್ವೀಕರಿಸಿ 5 ವೋಲ್ಟಿನ ಸಂಕೇತವಾಗಿ ಹೊರಗೆ ಬಿಡುತ್ತದೆ. ಒಂದೊಂದರಲ್ಲಿ ನಾಲ್ಕು ದಾರಿಗಳಿರುತ್ತವೆ. ಹೆಸರಿನ ನಡುವಿನ ‘ಟಿ’ ಅಕ್ಷರವನ್ನು ಗಮನವಿಟ್ಟು ನೋಡಿ ಕೊಳ್ಳಿ. ಅದಿಲ್ಲದ 74ಎಚ್‌ಸಿ125 ನೋಡಲು ಹಾಗೆಯೇ ಇರುತ್ತದೆ, ಕಾಲುಗಳ ಜೋಡಣೆಯೂ ಅದೇ, ಆದರೆ ಅದಕ್ಕೂ ಸುಮಾರು 3.5 ವೋಲ್ಟೇ ಬೇಕು. ಪ್ರತಿ ಹೊರದಾರಿಯಲ್ಲೂ ಚಿಪ್ಪಿಗೆ ಅಂಟಿಕೊಂಡಂತೆ 33ರಿಂದ 100 ಓಮ್‌ಗಳ ರೆಸಿಸ್ಟರ್ ಇರಲಿ.

ಹಳೆಯಬೆಸುಗೆ (ಉತ್ತರ):

ತಾಮ್ರತಂತಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಟ್ರಯಾಕ್ ಕುರಿತ ಪ್ರಶ್ನೆಗೆ ಮಾತ್ರ ನಾನು ಉತ್ತರಿಸುತ್ತೇನೆ, ಏಕೆಂದರೆ ಹಲವು ವರ್ಷ ಅಂತಹ ಬೋರ್ಡುಗಳನ್ನು ಮಾಡಿದ್ದೇನೆ ಮತ್ತು ಈಗ ಮಾಡುವುದನ್ನು ಬಿಟ್ಟಿದ್ದೇನೆ.

ತತ್ತ್ವ ಸುಂದರವಾದದ್ದೇ. ಪರ್ಯಾಯ ವಿದ್ಯುತ್ತು 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ ಶೂನ್ಯವನ್ನು ದಾಟುತ್ತದೆ; ಪ್ರತಿ ಅರ್ಧ ಅಲೆಯ ಅವಧಿ 10 ಮಿಲಿಸೆಕೆಂಡ್, 60 ಹರ್ಟ್ಸ್‌ನಲ್ಲಾದರೆ ಸುಮಾರು 8.3. ಶೂನ್ಯ ದಾಟಿದ ಕ್ಷಣವನ್ನು ಎಚ್11ಎಎ1ರಂತಹ ಆಪ್ಟೋಕಪ್ಲರಿನಿಂದ (ಬೆಳಕಿನ ಮೂಲಕ ಮಾತ್ರ ಸಂಕೇತ ದಾಟಿಸುವ ಚಿಪ್ಪು) ಗುರುತಿಸಿ, ಅಲ್ಲಿಂದ ಎಷ್ಟು ತಡವಾಗಿ ಟ್ರಯಾಕನ್ನು ಚುಚ್ಚುತ್ತೇವೆಯೋ ಅಷ್ಟು ದೀಪ ಮಂಕಾಗುತ್ತದೆ. ಇಲ್ಲಿ ಬಹಳ ಜನ ಎಡವುವುದು ಚಾಲಕ ಚಿಪ್ಪಿನ ಆಯ್ಕೆಯಲ್ಲಿ. ಎಂಒಸಿ3041 ಶೂನ್ಯದ ಬಳಿಯಲ್ಲಿ ಮಾತ್ರ ಹೊತ್ತಿಕೊಳ್ಳುವಂತೆ ರಚಿತವಾದದ್ದು. ಅದರಿಂದ ಉರಿಸಬಹುದು, ಆರಿಸಬಹುದು, ಮಂಕು ಮಾಡಲಾಗದು. ಮಂಕು ಮಾಡಲು ಯಾವ ಕ್ಷಣದಲ್ಲಾದರೂ ಹೊತ್ತಿಕೊಳ್ಳುವ ಎಂಒಸಿ3021 ಬೇಕು.

ತಂತು ಉರಿಯುವ ಹಳೆಯ ಬಲ್ಬುಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಎಲ್‌ಇಡಿ ಸೆಟ್ಟುಗಳಿಗೆ ಹಾಗಲ್ಲ. ಟ್ರಯಾಕ್ ಒಮ್ಮೆ ಹೊತ್ತಿದ ಮೇಲೆ ಹಾಗೆಯೇ ಉಳಿಯಲು ಕೆಲವು ಮಿಲಿಆಂಪಿಯರುಗಳ ಪ್ರವಾಹ ಸತತವಾಗಿ ಹರಿಯುತ್ತಿರಬೇಕು. ಸಣ್ಣ ಎಲ್‌ಇಡಿ ಸೆಟ್ಟು ಅಷ್ಟನ್ನೂ ಎಳೆಯದೆ ನಡುವೆಯೇ ಆರಿ ಮಿಣಮಿಣ ಎನ್ನುತ್ತದೆ. ಟ್ರಯಾಕಿಗೆ ಅಡ್ಡಲಾಗಿ ರಕ್ಷಣೆಗೆಂದು ಹಾಕುವ 0.01 ಮೈಕ್ರೋಫ್ಯಾರಡಿನ ಕೆಪಾಸಿಟರ್ ಕೂಡ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 0.7 ಮಿಲಿಆಂಪಿಯರ್ ಸೋರಿಸುತ್ತದೆ. ಆರಿಸಿದ ಮೇಲೂ ಸೆಟ್ಟು ದೆವ್ವದ ಕಣ್ಣಿನಂತೆ ಮಂದವಾಗಿ ಉರಿಯುತ್ತಿರಲು ಅಷ್ಟು ಸಾಕು.

ಅದಕ್ಕಿಂತ ಗಂಭೀರವಾದದ್ದು ಸುರಕ್ಷತೆಯ ವಿಷಯ. ಒಂದೇ ಬೋರ್ಡಿನ ಮೇಲೆ ಗೋಡೆಯ ವಿದ್ಯುತ್ತೂ 5 ವೋಲ್ಟೂ ಇದ್ದರೆ ಅವೆರಡರ ನಡುವೆ ಯಾವ ತಾಮ್ರವೂ ಇಲ್ಲದ, ಕನಿಷ್ಠ 6 ಮಿಲಿಮೀಟರಿನ ಖಾಲಿ ಪಟ್ಟಿ ಬೇಕು, ಆಪ್ಟೋಕಪ್ಲರಿನ ಅಡಿಯಲ್ಲಿ ಬೋರ್ಡನ್ನೇ ಸೀಳಿದ ಗಾಳಿಗಂಡಿ ಇದ್ದರೆ ಇನ್ನೂ ಉತ್ತಮ. ಇಬ್ಬನಿ, ಧೂಳು, ಒಂದು ಇರುವೆ, ಬೆಸುಗೆಯ ಒಂದು ಮುರುಕು, ಇವುಗಳಲ್ಲಿ ಯಾವುದಾದರೂ ಆ ಪಟ್ಟಿಯನ್ನು ದಾಟಿದರೆ ನಿಮ್ಮ ಕಂಪ್ಯೂಟರಿನ ಯುಎಸ್‌ಬಿ ತಂತಿಯ ತುದಿಯಲ್ಲಿ, ಅಂಗಳದ ಪಿಕ್ಸೆಲ್ಲುಗಳ ತಂತಿಯಲ್ಲಿ ಗೋಡೆಯ ವಿದ್ಯುತ್ತು ಬಂದು ಕೂರುತ್ತದೆ. ಮಕ್ಕಳು ಮುಟ್ಟುವ ದೀಪಗಳು ಅವು. ಮುದ್ರಿತ ಬೋರ್ಡನ್ನು ಮೊದಲ ಸಲ ರೂಪಿಸುವವರಿಗೆ ಇದನ್ನು ನಾನು ಶಿಫಾರಸು ಮಾಡಲಾರೆ.

ಹಾಗಾದರೆ ಹಳೆಯ ಸೆಟ್ಟುಗಳಿಗೆ ಏನು ದಾರಿ? ಉರಿಸಿ ಆರಿಸುವುದಷ್ಟೇ ಸಾಕಾದರೆ, ಪ್ರಮಾಣೀಕೃತವಾದ, ಪೂರ್ತಿ ಮುಚ್ಚಿದ ಸಾಲಿಡ್ ಸ್ಟೇಟ್ ರಿಲೇಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ನಿಮ್ಮ ಬೋರ್ಡಿನಿಂದ 5 ವೋಲ್ಟಿನ ಸಂಕೇತ ಮಾತ್ರ ಅಲ್ಲಿಗೆ ಹೋಗುವಂತೆ ಮಾಡಿ. ಅವುಗಳಲ್ಲೂ ಒಂದಿಷ್ಟು ಸೋರಿಕೆ ಇರುವುದರಿಂದ ಸಣ್ಣ ಸೆಟ್ಟನ್ನು ಮೊದಲು ಜೋಡಿಸಿ ನೋಡಿ. ಮಂಕು ಮಾಡಲೇಬೇಕಾದರೆ ಆ ಸೆಟ್ಟುಗಳ ಬದಲು 12 ವೋಲ್ಟಿನ ಒಂದೇ ಬಣ್ಣದ ಎಲ್‌ಇಡಿ ಪಟ್ಟಿಗಳನ್ನು ತಂದು, ಪ್ರತಿಯೊಂದಕ್ಕೂ ಒಂದು ಮಾಸ್‌ಫೆಟ್ (ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ನಡೆಯುವ ಟ್ರಾನ್ಸಿಸ್ಟರ್ ಸ್ವಿಚ್ಚು) ಹಾಕಿ. ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ಟಿನ ಗೇಟಿಗೆ 5 ವೋಲ್ಟ್ ಕೊಟ್ಟಾಗ ಅದರ ಪ್ರತಿರೋಧ ಹೆಚ್ಚೆಂದರೆ 0.025 ಓಮ್, 3 ಆಂಪಿಯರ್ ಹರಿದರೂ ಕಾಲು ವಾಟಿಗಿಂತ ಕಡಿಮೆ ಶಾಖ, ಶಾಖಹಾರಿ ಲೋಹದ ರೆಕ್ಕೆಯೇ ಬೇಡ. ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆಯಾದ ಐಆರ್‌ಎಫ್‌ಝಡ್44ಎನ್ ತರಬೇಡಿ, ಅದರ ಗೇಟಿಗೆ 10 ವೋಲ್ಟ್ ಬೇಕು. ಗೇಟಿನಿಂದ ಋಣ ತುದಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕುವುದನ್ನು ಮರೆಯದಿರಿ. ಇಲ್ಲವಾದರೆ ಮೈಕ್ರೋಕಂಟ್ರೋಲರ್ ಎಚ್ಚರಗೊಳ್ಳುವ ತನಕ ಗೇಟು ದಿಕ್ಕಿಲ್ಲದೆ ತೇಲಾಡಿ ದೀಪಗಳೆಲ್ಲ ತಾವಾಗಿ ಉರಿಯುತ್ತವೆ.

ಹೊರಾಂಗಣಕ್ಕೆ ಹೋಗುವ ಪ್ರತಿಯೊಂದು ವಿದ್ಯುತ್ ಪೂರೈಕೆಯೂ 30 ಮಿಲಿಆಂಪಿಯರಿನ ಸೋರಿಕೆಗೆ ಕಡಿತಗೊಳ್ಳುವ ರಕ್ಷಕ ಸ್ವಿಚ್ಚಿನ ಹಿಂದೆಯೇ ಇರಬೇಕು. ಇದರಲ್ಲಿ ರಾಜಿ ಬೇಡ.

ಮಿಣುಕುಹುಳ:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಟ್ರಯಾಕಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಎಂಟು ಮಾಸ್‌ಫೆಟ್ಟುಗಳ ಸಾಲನ್ನು ನಕ್ಷೆಯಲ್ಲಿ ಸೇರಿಸಿದೆ. ಎರಡು ಸಂದೇಹಗಳು ಉಳಿದಿವೆ. ನನ್ನ ಬಳಿ ಈಗಾಗಲೇ ಇರುವ ಆರ್ಡುಯಿನೊ ಊನೊದಿಂದ 600 ಪಿಕ್ಸೆಲ್‌ಗಳನ್ನು ನಡೆಸಲಾಗದೇ? ಮತ್ತು ಬೋರ್ಡನ್ನು ಮನೆಯೊಳಗೇ ಇಟ್ಟು, ಮರದವರೆಗೆ ಸುಮಾರು 12 ಮೀಟರ್ ದತ್ತಾಂಶದ ತಂತಿಯನ್ನು ಎಳೆಯಬಹುದೇ, ಅಥವಾ ಮರದ ಬುಡದಲ್ಲೇ ಇನ್ನೊಂದು ಬೋರ್ಡು ಇಟ್ಟು ವೈಫೈ ಮೂಲಕ ಮಾತಾಡಿಸುವುದು ಲೇಸೇ?

ಗಡಿಯಾರದಮುಳ್ಳು (ಉತ್ತರ):

ಊನೊದ ಉತ್ತರ ಲೆಕ್ಕದಲ್ಲೇ ಇದೆ. ಪ್ರತಿ ಪಿಕ್ಸೆಲ್ಲಿಗೆ 3 ಬೈಟ್, 600ಕ್ಕೆ 1800 ಬೈಟ್. ಊನೊದ ಎಟಿಮೆಗಾ328ಪಿ ಚಿಪ್ಪಿನ ಒಟ್ಟು ರ‍್ಯಾಮ್ 2048 ಬೈಟ್. ಉಳಿಯುವ 248 ಬೈಟುಗಳಲ್ಲಿ ಉಳಿದೆಲ್ಲ ಕೆಲಸ ನಡೆಯಬೇಕು, ನಡೆಯುವುದಿಲ್ಲ. ಅದಲ್ಲದೆ ಪಿಕ್ಸೆಲ್ಲುಗಳಿಗೆ ದತ್ತಾಂಶ ಕಳುಹಿಸುವಷ್ಟು ಹೊತ್ತು ಅದು ಬೇರೆ ಎಲ್ಲ ಕರೆಗಳಿಗೂ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ, ಏಕೆಂದರೆ ಈ ಸಂಕೇತದಲ್ಲಿ ‘ಸೊನ್ನೆ’ ಎಂದರೆ ಸುಮಾರು 0.4 ಮೈಕ್ರೋಸೆಕೆಂಡಿನ ನಾಡಿ, ‘ಒಂದು’ ಎಂದರೆ ಸುಮಾರು 0.8 ಮೈಕ್ರೋಸೆಕೆಂಡಿನದು. ಅಷ್ಟು ಕಿರಿದಾದ ಅಂತರದ ನಡುವೆ ಇನ್ನೊಂದು ಕೆಲಸಕ್ಕೆ ತಿರುಗಿ ನೋಡಿದರೂ ಅರ್ಥ ಕೆಡುತ್ತದೆ. ಹಾಗೆ ಕಿವಿ ಮುಚ್ಚಿಕೊಂಡಾಗ ಕಂಪ್ಯೂಟರಿನಿಂದ ಬರುವ ಬೈಟುಗಳು ಕಳೆದುಹೋಗುತ್ತವೆ. ಇಎಸ್‌ಪಿ32ರಲ್ಲಿ 520 ಕಿಲೋಬೈಟ್ ರ‍್ಯಾಮ್ ಇದೆ, ಮತ್ತು ಇಂತಹ ನಾಡಿಗಳನ್ನು ಮುಖ್ಯ ಪ್ರೊಸೆಸರಿನ ಹಂಗಿಲ್ಲದೆ ತಾನೇ ಹೊರಡಿಸುವ ಆರ್‌ಎಂಟಿ ಎಂಬ ಯಂತ್ರಾಂಗ ಮೂಲ ಇಎಸ್‌ಪಿ32ರಲ್ಲಿ ಎಂಟು ದಾರಿಗಳಲ್ಲಿ ಲಭ್ಯವಿದೆ.

ಈ ಸಂಕೇತದಲ್ಲಿ ಒಂದು ಬಿಟ್ಟಿಗೆ 1.25 ಮೈಕ್ರೋಸೆಕೆಂಡ್, 24 ಬಿಟ್ಟುಗಳ ಒಂದು ಪಿಕ್ಸೆಲ್ಲಿಗೆ 30 ಮೈಕ್ರೋಸೆಕೆಂಡ್ ಹಿಡಿಯುತ್ತದೆ. 600 ಪಿಕ್ಸೆಲ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದರೂ 18 ಮಿಲಿಸೆಕೆಂಡ್. ಸೆಕೆಂಡಿಗೆ 40 ಚಿತ್ರಗಳ ವೇಗಕ್ಕೆ 25 ಮಿಲಿಸೆಕೆಂಡ್ ಇರುವುದರಿಂದ ಸಮಯದ ಕೊರತೆ ಇಲ್ಲ. ಆದರೂ ನಾನು ಸಾಲನ್ನು ಒಡೆಯುತ್ತೇನೆ: ಸೂರಿಗೆ ಎರಡು, ಕಿಟಕಿಗಳಿಗೆ ನಾಲ್ಕು, ಮರಕ್ಕೆ ಒಂದು, ಹೆಚ್ಚುವರಿಯಾಗಿ ಒಂದು. ಒಂದೇ ಸಾಲಿನಲ್ಲಿ ಹತ್ತನೆಯ ಪಿಕ್ಸೆಲ್ ಸತ್ತರೆ ಅದರ ಮುಂದಿನ 590 ಕತ್ತಲಾಗುತ್ತವೆ. ಎಂಟು ದಾರಿಗಳಿದ್ದರೆ ಒಂದು ಕಿಟಕಿ ಮಾತ್ರ ಆರುತ್ತದೆ ಮತ್ತು ದೋಷ ಎಲ್ಲಿದೆಯೆಂದು ಬೀದಿಯಿಂದಲೇ ಗೊತ್ತಾಗುತ್ತದೆ. ಎರಡು 74ಎಎಚ್‌ಸಿಟಿ125 ಚಿಪ್ಪುಗಳು ಆ ಎಂಟು ದಾರಿಗಳಿಗೆ ಸರಿಯಾಗಿ ಸಾಲುತ್ತವೆ. ಮಾಸ್‌ಫೆಟ್ಟುಗಳ ಗೇಟುಗಳಿಗೆ ಇನ್ನೆರಡು.

ಬೋರ್ಡಿನ ನಕ್ಷೆ ಬರೆಯುವಾಗ ಇಎಸ್‌ಪಿ32ರ ಎಲ್ಲ ಪಿನ್ನುಗಳೂ ಸಮಾನವೆಂದು ಭಾವಿಸಬೇಡಿ. 34ರಿಂದ 39ರವರೆಗಿನವು ಒಳಬರುವ ಸಂಕೇತಕ್ಕೆ ಮಾತ್ರ. 6ರಿಂದ 11ರವರೆಗಿನವು ಒಳಗಿನ ಫ್ಲ್ಯಾಶ್ ನೆನಪಿಗೆ ಮೀಸಲು. 0, 2, 12 ಮತ್ತು 15 ಚಿಪ್ಪು ಎಚ್ಚರಗೊಳ್ಳುವಾಗ ಓದಲ್ಪಡುತ್ತವೆ; ಅದರಲ್ಲೂ 12ನೆಯದನ್ನು ಯಾವುದಾದರೂ ರೆಸಿಸ್ಟರ್ ಮೇಲಕ್ಕೆ ಎಳೆದಿದ್ದರೆ ಫ್ಲ್ಯಾಶಿನ ವೋಲ್ಟೇಜು 1.8ಕ್ಕೆ ಇಳಿದು, ಬೋರ್ಡು ಏಳುವುದೇ ಇಲ್ಲ. ಈ ಒಂದು ಪಿನ್ನಿನಿಂದಾಗಿ ನಾನು ಐದು ಬೋರ್ಡುಗಳ ಗೆರೆಗಳನ್ನು ಚಾಕುವಿನಿಂದ ಕಡಿದು ಬೇರೆ ತಂತಿ ಬೆಸೆಯಬೇಕಾಯಿತು. ಹದಿನಾರು ದಾರಿಗಳು ನಿಮಗೆ ಬೇಕಾಗಿರುವುದರಿಂದ ಪಿನ್ನುಗಳ ಪಟ್ಟಿಯನ್ನು ಕಾಗದದ ಮೇಲೆ ಮೊದಲೇ ಬರೆದಿಟ್ಟುಕೊಳ್ಳಿ. ಬೇಕಾದರೆ ಮಾಸ್‌ಫೆಟ್ಟುಗಳ ಎಂಟನ್ನು ಪಿಸಿಎ9685 ಎಂಬ 16 ದಾರಿಗಳ ಚಿಪ್ಪಿಗೆ ವಹಿಸಬಹುದು; ಅದಕ್ಕೆ ಎರಡೇ ತಂತಿಗಳು ಸಾಕು.

ಆ ಚಿಪ್ಪಿನ ಇನ್ನೊಂದು ಗುಣವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಕಣ್ಣು ಬೆಳಕನ್ನು ಸಮ ಅಳತೆಯಲ್ಲಿ ಗ್ರಹಿಸುವುದಿಲ್ಲ, ಆದ್ದರಿಂದ ಗ್ಯಾಮಾ ತಿದ್ದುಪಡಿ, ಅಂದರೆ ಕಳುಹಿಸುವ ಸಂಖ್ಯೆಯನ್ನು ಕಣ್ಣಿಗೆ ಹೊಂದುವಂತೆ ಬದಲಿಸುವುದು, ಬೇಕು. 2.2ರ ಗ್ಯಾಮಾ ಹಿಡಿದರೆ 255ರಲ್ಲಿ 128 ಎಂಬ ಅರ್ಧ ಪ್ರಕಾಶಕ್ಕೆ ನಿಜವಾಗಿ ಕಳುಹಿಸಬೇಕಾದ ಸಂಖ್ಯೆ ಸುಮಾರು 56. ಕೆಳತುದಿಯಲ್ಲಿ 10ಕ್ಕೆ ಬರುವ ಉತ್ತರ ಸೊನ್ನೆ, ಅಂದರೆ ದೀಪ ಮೆಲ್ಲನೆ ಆರುವಾಗ ಕೊನೆಯ ಮೆಟ್ಟಿಲುಗಳು ಮಾಯವಾಗಿ ಥಟ್ಟನೆ ಕತ್ತಲಾಗುತ್ತದೆ. ಪಿಸಿಎ9685ರಲ್ಲಿ 4096 ಮೆಟ್ಟಿಲುಗಳಿರುವುದರಿಂದ ಅದೇ 10ಕ್ಕೆ 3 ಎಂಬ ಬೆಲೆ ಸಿಗುತ್ತದೆ, ಬೆಳಕು ಉಸಿರು ಬಿಟ್ಟಂತೆ ಮೃದುವಾಗಿ ಆರುತ್ತದೆ. ನೀವು ರಿಲೇಯನ್ನು ಬಿಟ್ಟು ಬಂದದ್ದೇ ಈ ಮೃದುತ್ವಕ್ಕಾಗಿ ಅಲ್ಲವೇ?

12 ಮೀಟರ್ ದತ್ತಾಂಶದ ತಂತಿ ನೇರವಾಗಿ ಬೇಡ. ಪ್ರತಿಯೊಂದು ಪಿಕ್ಸೆಲ್ಲೂ ತಾನು ಪಡೆದ ಸಂಕೇತವನ್ನು ಹೊಸದಾಗಿ ರೂಪಿಸಿ ಮುಂದಕ್ಕೆ ಕೊಡುವುದರಿಂದ ಕೆಲವರು ದಾರಿಯ ನಡುವೆ ಒಂದೆರಡು ಪಿಕ್ಸೆಲ್ಲುಗಳನ್ನು ಬರಿಯ ಸಂದೇಶವಾಹಕರನ್ನಾಗಿ ಕೂರಿಸುತ್ತಾರೆ. ನಾಲ್ಕೈದು ಮೀಟರಿಗೆ ಅದು ಒಳ್ಳೆಯ ಉಪಾಯ. 12 ಮೀಟರಿಗೆ ಸಂಕೇತವನ್ನು ಜೋಡಿ ತಂತಿಯಲ್ಲಿ ದೂರಕ್ಕೆ ಒಯ್ಯುವ ಆರ್‌ಎಸ್-485 ಚಿಪ್ಪುಗಳ ಜೋಡಿ, ನಡುವೆ ನೆಟ್‌ವರ್ಕ್ ಕೇಬಲ್ಲಿನ ಹೆಣೆದ ಒಂದು ಜೋಡಿ ತಂತಿ, ಕೊನೆಯಲ್ಲಿ 120 ಓಮ್ ಇರಲಿ. ಇಲ್ಲಿಯೂ ಚಿಪ್ಪಿನ ಸಂಖ್ಯೆ ನೋಡಿ ಕೊಳ್ಳಬೇಕು: ಮ್ಯಾಕ್ಸ್487ರಂತಹವು ಉದ್ದೇಶಪೂರ್ವಕವಾಗಿ ಸೆಕೆಂಡಿಗೆ 250 ಕಿಲೋಬಿಟ್ಟಿಗೆ ಸೀಮಿತವಾದವು, ನಮ್ಮ 800 ಕಿಲೋಬಿಟ್ ಅವುಗಳಲ್ಲಿ ಹಾಯುವುದಿಲ್ಲ.

ವೈಫೈ ಬಗ್ಗೆ ನನಗೆ ಅಷ್ಟಾಗಿ ಒಲವಿಲ್ಲ. ದೀಪಗಳನ್ನು ಸಂಗೀತಕ್ಕೆ ಹೊಂದಿಸುವ ಎಕ್ಸ್‌ಲೈಟ್ಸ್‌ನಂತಹ ತಂತ್ರಾಂಶಗಳು ಬಳಸುವ ಇ1.31 ಎಂಬ ರೂಢಿಯಲ್ಲಿ ಒಂದು ಯೂನಿವರ್ಸ್ ಎಂದರೆ 512 ದಾರಿಗಳು, ಅದರಲ್ಲಿ 170 ಪಿಕ್ಸೆಲ್ ಹಿಡಿಸುತ್ತದೆ; 600ಕ್ಕೆ ನಾಲ್ಕು ಯೂನಿವರ್ಸ್, ಸೆಕೆಂಡಿಗೆ 40 ಚಿತ್ರಗಳಂತೆ 160 ಪೊಟ್ಟಣಗಳು. ಕಳೆದುಹೋದದ್ದನ್ನು ಮತ್ತೆ ಕಳುಹಿಸುವ ಏರ್ಪಾಡು ಅದರಲ್ಲಿಲ್ಲ. ನೆರೆಹೊರೆಯವರೆಲ್ಲ ಮನೆಯಲ್ಲಿರುವ ಹಬ್ಬದ ಸಂಜೆ, ಗಾಳಿ ತುಂಬ ಸಂಕೇತಗಳಿರುವ ಹೊತ್ತಿನಲ್ಲೇ ದೀಪಗಳು ತಡವರಿಸುತ್ತವೆ. ಇಎಸ್‌ಪಿ32ಕ್ಕೆ ಎಲ್‌ಎಎನ್8720 ಎಂಬ ಈಥರ್ನೆಟ್ ಭಾಗವನ್ನು ಸೇರಿಸಿ ತಂತಿಯಲ್ಲೇ ಜೋಡಿಸಿ, ಅದಕ್ಕೆ ಮೀಸಲಾಗುವ ಪಿನ್ನುಗಳನ್ನೂ ಪಟ್ಟಿಯಲ್ಲಿ ಗುರುತಿಸಿ. ವೈಫೈಯೇ ಅನಿವಾರ್ಯವಾದರೆ ಎಲ್ಲರಿಗೂ ಸಾರುವ ಮಲ್ಟಿಕಾಸ್ಟ್ ಬಿಟ್ಟು ಒಂದೇ ವಿಳಾಸಕ್ಕೆ ಕಳುಹಿಸುವ ಯುನಿಕಾಸ್ಟ್ ಆರಿಸಿ.

ಹತ್ತುಹೆಜ್ಜೆ (ಉತ್ತರ):

ಮುಖ್ಯ ಪ್ರಶ್ನೆಗೆ ಸಮರ್ಥ ಉತ್ತರಗಳು ಬಂದಿವೆ. ಮೈಕ್ರೋಕಂಟ್ರೋಲರೇ ಇಲ್ಲದ ಒಂದು ಚಿಕ್ಕ ಬೋರ್ಡಿನ ವಿಚಾರವನ್ನೂ ಇಲ್ಲಿ ದಾಖಲಿಸಬಯಸುತ್ತೇನೆ. ಹಲಗೆಯ ಮೇಲೆ ಅಭ್ಯಾಸಕ್ಕೆಂದು ರೂಪಿಸುವ ಮೊದಲ ಮುದ್ರಿತ ಬೋರ್ಡು ಇದಾದರೆ ದೊಡ್ಡದರ ತಪ್ಪುಗಳು ಇಲ್ಲೇ ಮುಗಿಯುತ್ತವೆ.

ಎನ್‌ಇ555 ಗಡಿಯಾರದ ನಾಡಿ ಕೊಡುತ್ತದೆ, ಸಿಡಿ4017 ಪ್ರತಿ ನಾಡಿಗೆ ಒಂದು ಹೆಜ್ಜೆಯಂತೆ ಹತ್ತು ಹೊರದಾರಿಗಳಲ್ಲಿ ಸರದಿಯಂತೆ ಒಂದನ್ನು ಎತ್ತುತ್ತದೆ. 10 ಕಿಲೋಓಮ್, 100 ಕಿಲೋಓಮ್ ರೆಸಿಸ್ಟರುಗಳೂ 1 ಮೈಕ್ರೋಫ್ಯಾರಡ್ ಕೆಪಾಸಿಟರೂ ಇದ್ದರೆ ಸೆಕೆಂಡಿಗೆ ಸುಮಾರು 7 ಹೆಜ್ಜೆ. ಹತ್ತು ದೀಪಗಳನ್ನು ಒಂದರ ನಂತರ ಒಂದು ಉರಿಸುವುದು ಎಲ್ಲರೂ ಮಾಡುವ ಕೆಲಸ. ನನಗೆ ಪ್ರಿಯವಾದದ್ದು ಆರು ದೀಪಗಳನ್ನು ಹತ್ತು ಹೆಜ್ಜೆಗಳಿಗೆ ಹೊಂದಿಸುವುದು. ಒಂದರಿಂದ ಆರರವರೆಗೆ ಹೋಗಿ, ಐದು, ನಾಲ್ಕು, ಮೂರು, ಎರಡು ಎಂದು ಹಿಂತಿರುಗಿದರೆ ಸರಿಯಾಗಿ ಹತ್ತಾಗುತ್ತದೆ, ಬೆಳಕು ತೂಗುಯ್ಯಾಲೆಯಂತೆ ಅತ್ತಿಂದಿತ್ತ ಓಡಾಡುತ್ತದೆ. ನಡುವಿನ ನಾಲ್ಕು ದೀಪಗಳಿಗೆ ಎರಡೆರಡು ಹೊರದಾರಿಗಳು ಸೇರಬೇಕಾದ್ದರಿಂದ 1ಎನ್4148 ಡಯೋಡುಗಳು ಎಂಟು ಬೇಕು. ಡಯೋಡಿಲ್ಲದೆ ನೇರವಾಗಿ ಸೇರಿಸಿದರೆ ಒಂದು ಹೊರದಾರಿ ಎತ್ತಿದ್ದನ್ನು ಇನ್ನೊಂದು ಕೆಳಕ್ಕೆ ಎಳೆಯುತ್ತದೆ. ಸಿಡಿ4017ರ ಹೊರದಾರಿಗೆ ಕೆಲವೇ ಮಿಲಿಆಂಪಿಯರುಗಳ ಶಕ್ತಿ ಇರುವುದರಿಂದ ಪ್ರತಿ ದೀಪಸಾಲಿಗೂ ಒಂದು ಟ್ರಾನ್ಸಿಸ್ಟರ್ ಇರಲೇಬೇಕು: ಸಣ್ಣ ಸಾಲಿಗೆ 100 ಮಿಲಿಆಂಪಿಯರಿನ ಬಿಸಿ547, ದೊಡ್ಡದಕ್ಕೆ ಮೇಲೆ ಹೇಳಿದ ಮಾಸ್‌ಫೆಟ್.

ಹಿಂದೆ ಮೋಟಾರಿನಿಂದ ತಿರುಗುವ ಉರುಳೆಯ ಮೇಲೆ ತಾಮ್ರದ ಪಟ್ಟಿಗಳನ್ನು ಹೊಡೆದು, ಅವುಗಳನ್ನು ಉಜ್ಜುವ ಬೆರಳುಗಳಿಂದ ದೀಪಗಳನ್ನು ಓಡಿಸುತ್ತಿದ್ದರು. ಆ ಉರುಳೆಯ ಕೆಲಸವನ್ನೇ ಈ ಚಿಪ್ಪು ಮಾಡುತ್ತದೆ, ಕಿಡಿ ಮಾತ್ರ ಹಾರುವುದಿಲ್ಲ.

ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ತಂತಿಗಳು ಪೆಟ್ಟಿಗೆಯ ತಳದಿಂದಲೇ ಒಳಗೆ ಹೋಗಲಿ, ಹೋಗುವ ಮೊದಲು ಕೆಳಕ್ಕೆ ಜೋತು ಬಿದ್ದು ಮೇಲೇರಲಿ. ಆಗ ಮಳೆಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸಂದುಗಳನ್ನು ಮುಚ್ಚುವಾಗ ವಿನೆಗರಿನ ವಾಸನೆ ಬರುವ ಸಿಲಿಕೋನ್ ಬಳಸಬೇಡಿ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ತಟಸ್ಥ ಬಗೆಯ ಸಿಲಿಕೋನ್ ಬೇರೆಯೇ ಸಿಗುತ್ತದೆ.

ಮಿಣುಕುಹುಳ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲು ಆರು ದೀಪಗಳ ಹತ್ತು ಹೆಜ್ಜೆಯ ಬೋರ್ಡನ್ನೇ ಮಾಡಿದೆ. ಒಂದು ಡಯೋಡನ್ನು ತಿರುಗುಮುರುಗಾಗಿ ಬೆಸೆದಿದ್ದರಿಂದ ನಾಲ್ಕನೆಯ ದೀಪ ಹಿಂತಿರುಗುವಾಗ ಮಾತ್ರ ಉರಿಯುತ್ತಿತ್ತು. ಅದನ್ನು ಕಂಡುಹಿಡಿಯಲು ಒಂದು ಸಂಜೆ ಬೇಕಾಯಿತು, ಆದರೆ ನಕ್ಷೆಯಲ್ಲಿ ಡಯೋಡಿನ ಪಟ್ಟೆಯನ್ನು ಗುರುತು ಮಾಡುವುದನ್ನು ಅಲ್ಲಿಂದ ಮರೆತಿಲ್ಲ.

ದೊಡ್ಡ ಬೋರ್ಡಿನ ಎಂಟು ಪಿಕ್ಸೆಲ್ ದಾರಿಗಳು, ಪಿಸಿಎ9685ರ ಮೂಲಕ ಎಂಟು ಮಾಸ್‌ಫೆಟ್ ದಾರಿಗಳು ಈಗ ಮೇಜಿನ ಮೇಲೆ ನಡೆಯುತ್ತಿವೆ. 74ಎಎಚ್‌ಸಿಟಿ125 ಹಾಕಿದ ಕ್ಷಣದಿಂದ ಹಸಿರು ಮಿನುಗು ನಿಂತಿದೆ. ನಾಲ್ಕು ಗಂಟೆ ಸತತವಾಗಿ ನಡೆಸಿ ನೋಡಿದೆ. ತಾಮ್ರತಂತಿಯವರು ಹೇಳಿದಂತೆ ಎಲ್ಲ ಪಿಕ್ಸೆಲ್ಲುಗಳನ್ನೂ ಬೇಕೆಂದೇ ಪೂರ್ಣ ಬಿಳಿಯಲ್ಲಿ ಉರಿಸಿ ಕ್ಲ್ಯಾಂಪ್ ಮೀಟರಿನಿಂದ ಅಳೆದಾಗ ಒಂದು ಗುಂಪಿಗೆ 2.6 ಆಂಪಿಯರ್ ಬಂತು, ಲೆಕ್ಕದ 3ಕ್ಕಿಂತ ತುಸು ಕಡಿಮೆ. ಆ ಹತ್ತು ನಿಮಿಷಗಳಲ್ಲಿ ಒಂದು ಫ್ಯೂಸಿನ ಹಿಡಿ ಮಾತ್ರ ಉಳಿದವಕ್ಕಿಂತ ಬಿಸಿಯಾಗಿತ್ತು. ತಿರುಪು ಸಡಿಲವಿತ್ತು, ಬಿಗಿ ಮಾಡಿದ ಮೇಲೆ ತಣ್ಣಗಾಯಿತು. ಮರದ ಕಡೆಗೆ ನೆಟ್‌ವರ್ಕ್ ಕೇಬಲ್ ಎಳೆದಿದ್ದೇನೆ. ಆರ್‌ಎಸ್-485 ಚಿಪ್ಪುಗಳು ಬಂದ ಕೂಡಲೇ ಅದನ್ನೂ ಜೋಡಿಸಿ, ನಕ್ಷೆಯನ್ನು ಪಿನ್ನುಗಳ ಪಟ್ಟಿಯ ಸಮೇತ ಇಲ್ಲಿಯೇ ಹಾಕುತ್ತೇನೆ.